ಕ್ಯಾನ್ಸರ್ ತರುವ ವೈರಸ್‌ಗಳು ಮತ್ತು ನಮ್ಮ ರೋಗನಿರೋಧಕ ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಲ್ಯಾಬ್ ರಿಪೋರ್ಟ್ ಕೈಯಲ್ಲಿ ಹಿಡಿದು ಬಂದವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಳಕ್ಕೆ ಹೋಗುವವು ಆಮೇಲೆ. ಒಂದೊಂದು ಉತ್ತರವನ್ನೂ ಬೇರೆ ಬೇರೆಯಾಗಿ ಓದಿಕೊಳ್ಳಬಹುದು.

## ಮೊದಲು ಏಳುವ ಪ್ರಶ್ನೆಗಳು

ಕ್ಯಾನ್ಸರ್ ಅಂಟುರೋಗ ಅಲ್ಲ ಅಂತಾರೆ. ಮತ್ತೆ ವೈರಸ್‌ನಿಂದ ಬರುತ್ತೆ ಅಂತಲೂ ಅಂತಾರೆ. ಯಾವುದು ನಿಜ?

ಎರಡೂ ನಿಜ. ಕ್ಯಾನ್ಸರ್ ಇರುವವರನ್ನು ಮುಟ್ಟಿದರೆ, ಅವರ ಜೊತೆ ಊಟ ಮಾಡಿದರೆ, ಅವರ ಪಕ್ಕ ಮಲಗಿದರೆ ಕ್ಯಾನ್ಸರ್ ಅಂಟುವುದಿಲ್ಲ. ಆದರೆ ಕೆಲವು ವೈರಸ್‌ಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಆ ವೈರಸ್ ಬಂದವರಲ್ಲಿ ಕೆಲವೇ ಕೆಲವರಿಗೆ, ಅದೂ ಎಷ್ಟೋ ವರ್ಷಗಳ ಮೇಲೆ, ಕ್ಯಾನ್ಸರ್ ಆಗುತ್ತದೆ. ದಾಟುವುದು ವೈರಸ್, ಕ್ಯಾನ್ಸರ್ ಅಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತಟ್ಟೆ ಲೋಟ ಬೇರೆ ಇಡಿಸಿಕೊಂಡ ರೋಗಿಗಳ ಸಂಕಟ ನೋಡಿದವರಿಗೆ ಇದು ಅರ್ಥವಾಗುತ್ತದೆ.

ವೈರಸ್‌ಗೂ ಕ್ಯಾನ್ಸರ್‌ಗೂ ನಂಟಿದೆ ಅನ್ನುವುದು ಹೊಸ ವಿಚಾರವೇನಲ್ಲ. 1911ರಲ್ಲೇ ಅಮೆರಿಕದ ವಿಜ್ಞಾನಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳೆಲ್ಲ ಹೋಗುವಂತೆ ಸೋಸಿ, ಉಳಿದ ರಸವನ್ನು ಬೇರೆ ಕೋಳಿಗೆ ಚುಚ್ಚಿ ಗಡ್ಡೆ ಬರುವುದನ್ನು ತೋರಿಸಿದರು. ಬಹಳ ಕಾಲ ಇದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ.

ಮನುಷ್ಯರಲ್ಲಿ ಕ್ಯಾನ್ಸರ್ ತರುವ ವೈರಸ್‌ಗಳು ಯಾವ್ಯಾವು?

ಖಚಿತವಾಗಿ ಗೊತ್ತಿರುವವು ಏಳು. ಗರ್ಭಕಂಠ, ಗಂಟಲು, ಗುದದ್ವಾರದ ಕ್ಯಾನ್ಸರ್‌ಗಳಿಗೆ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಲಿವರ್ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ. ಕೆಲವು ಲಿಂಫೋಮಾ (ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್) ಮತ್ತು ಮೂಗಿನ ಹಿಂಭಾಗದ ಕ್ಯಾನ್ಸರ್‌ಗೆ ಎಪ್‌ಸ್ಟೀನ್-ಬಾರ್ ವೈರಸ್, ಅಂದರೆ ಇಬಿವಿ. ಚರ್ಮದಲ್ಲಿ ನೇರಳೆ ಮಚ್ಚೆ ತರುವ ಕಪೋಸಿ ಸಾರ್ಕೋಮಾ ಅನ್ನುವ ಕ್ಯಾನ್ಸರ್‌ಗೆ ಎಚ್‌ಎಚ್‌ವಿ-8. ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಎಚ್‌ಟಿಎಲ್‌ವಿ-1. ಮರ್ಕೆಲ್ ಕೋಶದ ಚರ್ಮ ಕ್ಯಾನ್ಸರ್‌ಗೆ 2008ರಲ್ಲಿ ಪತ್ತೆಯಾದ ಮರ್ಕೆಲ್ ಪಾಲಿಯೋಮಾ ವೈರಸ್.

2018ರ ಲೆಕ್ಕದಲ್ಲಿ ಜಗತ್ತಿನ ಹೊಸ ಕ್ಯಾನ್ಸರ್‌ಗಳಲ್ಲಿ ಸುಮಾರು 13% ಸೋಂಕಿನಿಂದ ಬಂದವು. ಹೊಟ್ಟೆಯ ಕ್ಯಾನ್ಸರ್ ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ ಪಾಲೂ ಇದರಲ್ಲಿ ಸೇರಿದೆ.

ನನಗೆ ಎಚ್‌ಪಿವಿ ಪಾಸಿಟಿವ್ ಅಂತ ಬಂದಿದೆ. ಕ್ಯಾನ್ಸರ್ ಶುರುವಾಗಿದೆ ಅಂತಾನಾ?

ಅಲ್ಲ. ವೈರಸ್ ಇದೆ ಅಂತ ಅರ್ಥ, ಅಷ್ಟೇ. ಎಚ್‌ಪಿವಿ ಸೋಂಕು ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಹತೋಟಿಗೆ ತರುತ್ತದೆ. ಉಳಿದವರಲ್ಲೂ ಕ್ಯಾನ್ಸರ್ ಆಗುವುದು ಕೆಲವರಿಗೆ ಮಾತ್ರ. ರೋಗನಿರೋಧಕ ಶಕ್ತಿ ಸರಿಯಿರುವವರಲ್ಲಿ ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ.

ಹಾಗಂತ ರಿಪೋರ್ಟನ್ನು ಡ್ರಾಯರ್‌ನಲ್ಲಿಟ್ಟು ಮರೆಯಬೇಡಿ. ಡಾಕ್ಟರ್ ಹೇಳಿದ ಸಮಯಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ವೈರಸ್ ಹೋಗಿದೆಯಾ, ಕೂತೇ ಇದೆಯಾ ಅನ್ನುವುದು ಮುಖ್ಯ.

ಇದು ಯಾರಿಂದ ಬಂತು, ಯಾವಾಗ ಬಂತು ಅಂತ ಗೊತ್ತಾಗುತ್ತಾ?

ಇಲ್ಲ. ಎಚ್‌ಪಿವಿ ಎಷ್ಟೋ ವರ್ಷ ಸದ್ದಿಲ್ಲದೆ ಇರಬಹುದು. ಇವತ್ತು ಪಾಸಿಟಿವ್ ಬಂದರೆ ಈಚೆಗೆ ಬಂದದ್ದು ಅಂತ ಅರ್ಥವಲ್ಲ. ಗಂಡ ಹೆಂಡತಿ ನಡುವೆ ಈ ರಿಪೋರ್ಟ್ ಹಿಡಿದು ಜಗಳವಾದದ್ದನ್ನು ಕೇಳಿದ್ದೇನೆ. ದಯವಿಟ್ಟು ಬೇಡ. ಲೈಂಗಿಕ ಸಂಪರ್ಕವಿರುವ ಹೆಚ್ಚಿನ ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ. ಅದು ಯಾರ ನಡತೆಗೂ ಕೊಟ್ಟ ಸರ್ಟಿಫಿಕೇಟ್ ಅಲ್ಲ.

## ದೇಹ ಹೇಗೆ ಎದುರಿಸುತ್ತದೆ

ವೈರಸ್ ಒಳಗೆ ಬಂದ ಕೂಡಲೇ ದೇಹ ಏನು ಮಾಡುತ್ತೆ?

ಮೊದಲ ಎಚ್ಚರಿಕೆ ಕೊಡುವುದು ಸೋಂಕು ತಗಲಿದ ಜೀವಕೋಶವೇ. ತನ್ನದಲ್ಲದ ಡಿಎನ್‌ಎ ಅಥವಾ ಆರ್‌ಎನ್‌ಎ ಒಳಗೆ ಸಿಕ್ಕರೆ ಅದು ಇಂಟರ್‌ಫೆರಾನ್ ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಆ ಸುದ್ದಿ ಹಿಡಿದು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು.

ಆಮೇಲೆ ಬರುವವು ಟಿ ಕೋಶಗಳು, ಬಿಳಿ ರಕ್ತಕಣಗಳ ಒಂದು ಬಗೆ. ಇವು ಕೋಶದ ಒಳಗೆ ಇಣುಕಲಾರವು. ಹಾಗಾದರೆ ಒಳಗೆ ವೈರಸ್ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಮನೆ ಮುಂದಿನ ತಂತಿಯಲ್ಲಿ ಒಣಹಾಕಿದ ಬಟ್ಟೆ ನೋಡಿ ಒಳಗೆ ಯಾರಿದ್ದಾರೆ ಅಂತ ಊಹಿಸುತ್ತೇವಲ್ಲ, ಹಾಗೆ. ಪ್ರತಿ ಜೀವಕೋಶವೂ ತಾನು ಒಳಗೆ ತಯಾರಿಸುತ್ತಿರುವ ಪ್ರೋಟೀನ್‌ಗಳ ಚೂರುಗಳನ್ನು ಹೊರಮೈ ಮೇಲೆ ನೇತುಹಾಕುತ್ತದೆ. ನೇತುಹಾಕುವ ಆ ತಂತಿಗೆ ಎಚ್‌ಎಲ್‌ಎ ಅಂತ ಹೆಸರು. ಮನೆಯವರದಲ್ಲದ ಬಟ್ಟೆ ಕಂಡರೆ, ಅಂದರೆ ವೈರಸ್ಸಿನ ಚೂರು ಕಂಡರೆ, ಕೊಲ್ಲುವ ಟಿ ಕೋಶ ಆ ಕೋಶವನ್ನೇ ಮುಗಿಸುತ್ತದೆ.

ಕೆಲವು ವೈರಸ್‌ಗಳು ಇದಕ್ಕೂ ಉಪಾಯ ಮಾಡಿವೆ. ತಂತಿಯನ್ನೇ ಬಿಚ್ಚಿಬಿಡುತ್ತವೆ. ಎಚ್‌ಎಚ್‌ವಿ-8ರಲ್ಲಿ ಇದೇ ಕೆಲಸಕ್ಕಾಗಿ ಎರಡು ಪ್ರೋಟೀನ್‌ಗಳಿವೆ. ಆದರೆ ದೇಹದಲ್ಲಿ ಎನ್‌ಕೆ ಕೋಶಗಳು ಅಂತ ಇನ್ನೊಂದು ಪಡೆ ಇದೆ. ಅವು ಹುಡುಕುವುದೇ ತಂತಿಯಿಲ್ಲದ ಮನೆಯನ್ನು. ಜನ ಇದ್ದಾರೆ, ಒಂದು ಬಟ್ಟೆಯೂ ಇಲ್ಲ ಅಂದರೆ ಏನೋ ಸರಿಯಿಲ್ಲ ಅಂತಲೇ ಲೆಕ್ಕ. ಒಂದರ ಕಣ್ಣು ತಪ್ಪಿಸಿದ್ದು ಇನ್ನೊಂದಕ್ಕೆ ಸಿಕ್ಕಿಬೀಳುವ ಈ ಏರ್ಪಾಡು ನನಗೆ ಯಾವಾಗ ಓದಿದರೂ ಬೆರಗು.

ಪ್ರತಿಕಾಯಗಳ ಕೆಲಸ ಬೇರೆ. ಅವು ಹೊರಗೆ ತೇಲುವ ವೈರಸ್ಸಿಗೆ ಅಂಟಿಕೊಂಡು ಅದು ಹೊಸ ಕೋಶದೊಳಗೆ ನುಗ್ಗದಂತೆ ತಡೆಯುತ್ತವೆ. ವೈರಸ್ ಒಳಗೆ ಸೇರಿಕೊಂಡ ಮೇಲೆ ಅವುಗಳ ಕೈಯಲ್ಲಿ ಜಾಸ್ತಿ ಏನೂ ಆಗುವುದಿಲ್ಲ.

ಇಷ್ಟೆಲ್ಲ ಕಾವಲಿದ್ದೂ ಎಚ್‌ಪಿವಿ ಅಷ್ಟು ವರ್ಷ ಹೇಗೆ ಅಡಗಿ ಕೂರುತ್ತೆ?

ಗರ್ಭಕಂಠದ ಮೇಲ್ಪದರವನ್ನು ಇಟ್ಟಿಗೆ ಗೋಡೆಯ ಹಾಗೆ ಅಂದುಕೊಳ್ಳಿ. ಕೆಳಗಿನ ಸಾಲಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಬೆಳೆಯುತ್ತಾ ಮೇಲಕ್ಕೆ ಬರುತ್ತವೆ, ಚಪ್ಪಟೆಯಾಗುತ್ತವೆ, ಕೊನೆಗೆ ಉದುರಿ ಹೋಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ತರಚಿನಿಂದ ಎಚ್‌ಪಿವಿ ನೇರವಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಅಲ್ಲಿ ಅದು ಬಹಳ ತಗ್ಗಿ ನಡೆಯುತ್ತದೆ. ಪ್ರೋಟೀನ್ ತಯಾರಿಸುವುದು ತೀರಾ ಸ್ವಲ್ಪ. ಕೋಶ ಮೇಲಕ್ಕೆ ಹೋದಂತೆ ವೈರಸ್ಸೂ ಅದರ ಜೊತೆ ಮೇಲಕ್ಕೆ ಹೋಗುತ್ತದೆ. ಕಾವಲಿನವರು ಅಷ್ಟಾಗಿ ಬಾರದ ಮೇಲಿನ ಸಾಲುಗಳಿಗೆ ಬಂದ ಮೇಲೆಯೇ ಅದು ಸಾವಿರಾರು ಮರಿ ಮಾಡುವುದು. ಕೋಶವನ್ನು ಒಡೆಯುವ ಕೆಲಸವೂ ಇಲ್ಲ, ಅದು ಹೇಗೂ ಉದುರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ. ಜ್ವರ ಇಲ್ಲ, ಊತ ಇಲ್ಲ, ನೋವಿಲ್ಲ. ಎಚ್ಚರಿಕೆಯ ಗಂಟೆ ಬಾರಿಸಲು ಏನೂ ಸಿಗುವುದಿಲ್ಲ. ಇಂಟರ್‌ಫೆರಾನ್ ಸುದ್ದಿಯನ್ನೂ ಅದು ತಗ್ಗಿಸಿಬಿಡುತ್ತದೆ.

ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯ ಗಾಜಿನ ಪಟ್ಟಿಯಲ್ಲಿ ಇಂಥ ಕೋಶವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಮರೆಯುವುದಿಲ್ಲ. ನಡುವೆ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ ಕಪ್ಪು ಕೋಶಕೇಂದ್ರ. ಅದರ ಸುತ್ತ ಬಣ್ಣವೇ ಹಿಡಿಯದ ಬೆಳ್ಳಗಿನ ಬಳೆ. ಸುತ್ತಮುತ್ತಲ ಕೋಶಗಳೆಲ್ಲ ಏನೂ ಆಗಿಲ್ಲವೆಂಬಂತೆ ಇರುತ್ತವೆ.

ಹಾಗಿದ್ದೂ ತಿಂಗಳುಗಳು ಕಳೆದ ಮೇಲೆ ಟಿ ಕೋಶಗಳು ಇದನ್ನು ಪತ್ತೆ ಹಚ್ಚುತ್ತವೆ. ಹೆಚ್ಚಿನವರಲ್ಲಿ ಸೋಂಕು ಅಡಗುವುದು ಹೀಗೆ. ಕೈಮೇಲೆ ವರ್ಷಗಟ್ಟಲೆ ಇದ್ದ ನರಹುಲಿ ಒಂದು ದಿನ ತಾನಾಗಿಯೇ ಉದುರಿಹೋದದ್ದನ್ನು ನೀವೂ ನೋಡಿರಬಹುದು, ಅಲ್ವಾ? ಅದನ್ನು ತರುವುದೂ ಎಚ್‌ಪಿವಿಯ ಇನ್ನೊಂದು ಬಗೆಯೇ. ಉದುರಿಸಿದ್ದೂ ಟಿ ಕೋಶಗಳೇ.

ಇಬಿವಿ ಎಲ್ಲರಲ್ಲೂ ಇರುತ್ತೆ ಅಂತೆ. ಹಾಗಾದ್ರೆ ಎಲ್ಲರಿಗೂ ಕ್ಯಾನ್ಸರ್ ಯಾಕೆ ಬರಲ್ಲ?

ದೊಡ್ಡವರಲ್ಲಿ 90%ಗಿಂತ ಜಾಸ್ತಿ ಜನರಲ್ಲಿ ಇದೆ. ಎಂಜಲಿನಿಂದ ಬರುತ್ತದೆ. ಚಿಕ್ಕಂದಿನಲ್ಲಿ ಬಂದರೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಹದಿಹರೆಯದಲ್ಲಿ ಬಂದರೆ ಕೆಲವರಿಗೆ ಗಂಟಲು ನೋವು, ಕುತ್ತಿಗೆಯ ಗ್ರಂಥಿ ಊತ, ವಾರಗಟ್ಟಲೆ ಸುಸ್ತು. ಆಗ ರಕ್ತ ಪರೀಕ್ಷೆಯಲ್ಲಿ ವಿಚಿತ್ರವಾಗಿ ದೊಡ್ಡದಾದ ಬಿಳಿ ರಕ್ತಕಣಗಳು ಕಾಣುತ್ತವೆ. ನೋಡಿದವರು ಅವೇ ಸೋಂಕು ತಗಲಿದ ಕೋಶಗಳು ಅಂದುಕೊಳ್ಳುತ್ತಾರೆ. ಅಲ್ಲ. ವೈರಸ್ ಇರುವುದು ಪ್ರತಿಕಾಯ ತಯಾರಿಸುವ ಬಿ ಕೋಶಗಳಲ್ಲಿ. ಕಾಣುವ ಆ ದಪ್ಪ ಕಣಗಳಲ್ಲಿ ಹೆಚ್ಚಿನವು ಅವುಗಳ ಬೆನ್ನು ಹತ್ತಿದ ಟಿ ಕೋಶಗಳು. ಅಂದರೆ ಆ ಸುಸ್ತಿನ ಬಹುಪಾಲು ನಮ್ಮ ಪಡೆಯ ಓಡಾಟದ್ದೇ.

ಕೊನೆಗೆ ಒಂದು ರಾಜಿ ಆಗುತ್ತದೆ. ವೈರಸ್ ಕೆಲವು ನೆನಪಿನ ಬಿ ಕೋಶಗಳಲ್ಲಿ ಪ್ರೋಟೀನನ್ನೇ ತಯಾರಿಸದೆ ಮಲಗಿಬಿಡುತ್ತದೆ. ಎದ್ದು ಬಿ ಕೋಶಗಳನ್ನು ಬೆಳೆಸಲು ಹೊರಟರೆ ಟಿ ಕೋಶಗಳು ಬಡಿಯುತ್ತವೆ. ಬದುಕಿಡೀ ಈ ಕಾವಲು ನಡೆಯುತ್ತಲೇ ಇರುತ್ತದೆ. ಕ್ಯಾನ್ಸರ್ ಬರಬೇಕಾದರೆ ಈ ಕಾವಲು ಸಡಿಲವಾಗಬೇಕು, ಇಲ್ಲವೇ ಕೋಶದ ಜೀನ್‌ಗಳಲ್ಲಿ ಬೇರೆ ಏಟುಗಳೂ ಬೀಳಬೇಕು. 1964ರಲ್ಲಿ ಈ ವೈರಸ್ ಮೊದಲು ಕಂಡದ್ದು ಬರ್ಕಿಟ್ ಲಿಂಫೋಮಾದ ಕೋಶಗಳಲ್ಲಿ. ಆಫ್ರಿಕಾದ ಮಕ್ಕಳಲ್ಲಿ ಅದು ಜಾಸ್ತಿಯಾಗಲು ಮತ್ತೆ ಮತ್ತೆ ಬರುವ ಮಲೇರಿಯಾ ಕೂಡ ಕಾರಣ.

ಹೆಪಟೈಟಿಸ್ ಬಿ ದೊಡ್ಡವರಿಗೆ ಬಂದ್ರೆ ಹೋಗುತ್ತೆ, ಕೂಸಿಗೆ ಬಂದ್ರೆ ಉಳಿದುಬಿಡುತ್ತೆ. ಯಾಕೆ ಹೀಗೆ?

ದೊಡ್ಡವರಾದ ಮೇಲೆ ಸೋಂಕು ತಗಲಿದರೆ ಅದು ಕೊನೆವರೆಗೆ ಉಳಿಯುವುದು 5%ಗಿಂತ ಕಡಿಮೆ ಜನರಲ್ಲಿ. ಹೆರಿಗೆ ಸಮಯದಲ್ಲಿ ತಾಯಿಯಿಂದ ಕೂಸಿಗೆ ಬಂದರೆ ಸುಮಾರು 90% ಮಕ್ಕಳಲ್ಲಿ ಉಳಿಯುತ್ತದೆ. ಹುಟ್ಟಿದ ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ನಮ್ಮದು ಯಾವುದು, ಹೊರಗಿನದು ಯಾವುದು ಅಂತ ಕಲಿಯುತ್ತಿರುತ್ತದೆ. ಆ ಹೊತ್ತಿನಲ್ಲೇ ಮನೆಯೊಳಗಿದ್ದ ವೈರಸ್ಸನ್ನು ಅದು ಮನೆಯವರಲ್ಲೊಬ್ಬ ಅಂತ ಒಪ್ಪಿಬಿಡುತ್ತದೆ. ವೈರಸ್ಸೂ ಸದ್ದು ಮಾಡುವುದಿಲ್ಲ, ಇಂಟರ್‌ಫೆರಾನ್ ಎಚ್ಚರಿಕೆಯನ್ನು ಬಹುತೇಕ ಎಬ್ಬಿಸುವುದೇ ಇಲ್ಲ.

ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಬೇಕು ಅನ್ನುವುದು. ಸುಮ್ನೆ ಮಾಡಿದ ನಿಯಮ ಅಲ್ಲ. ವೈರಸ್ ನೆಲೆಯೂರುವ ಮೊದಲೇ ದೇಹಕ್ಕೆ ಇದು ಶತ್ರು ಅಂತ ತೋರಿಸಿಕೊಡುವ ಸಮಯ ಅದು.

ಲಿವರ್ ಕೆಡಿಸೋದು ವೈರಸ್ ಅಲ್ಲ, ನಮ್ಮ ರೋಗನಿರೋಧಕ ಶಕ್ತಿನೇ ಅಂತ ಓದಿದೆ. ನಿಜಾನಾ?

ಹೆಪಟೈಟಿಸ್ ಬಿ ವಿಷಯದಲ್ಲಿ ಬಹುಮಟ್ಟಿಗೆ ನಿಜ. ಈ ವೈರಸ್ ತಾನಾಗಿ ಲಿವರ್ ಕೋಶವನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಸೋಂಕು ತಗಲಿದ ಕೋಶವನ್ನು ಟಿ ಕೋಶಗಳು ಕೊಲ್ಲುತ್ತವೆ. ಕಾಮಾಲೆ ಕಾಣುವುದು ಆ ಕಾಳಗದಿಂದ. ಕೆಲವು ವಾರಗಳಲ್ಲಿ ಗೆದ್ದರೆ ಒಳ್ಳೆಯದೇ. ಗೆಲ್ಲಲಾಗದೆ, ಬಿಡಲೂ ಆಗದೆ 20, 30 ವರ್ಷ ಜಗ್ಗಾಟ ನಡೆದರೆ ತೊಂದರೆ. ಕೋಶ ಸಾಯುತ್ತದೆ, ಅದರ ಜಾಗಕ್ಕೆ ಹೊಸದು ಹುಟ್ಟುತ್ತದೆ, ಅದೂ ಸಾಯುತ್ತದೆ. ಲಿವರ್‌ನಲ್ಲಿ ಗಾಯದ ಕಲೆ ಕಟ್ಟುತ್ತಾ ಹೋಗುತ್ತದೆ. ಪ್ರತಿ ಸಲ ಕೋಶ ಎರಡಾಗುವಾಗಲೂ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಬಹುದು. ಜೊತೆಗೆ ಹೆಪಟೈಟಿಸ್ ಬಿ ತನ್ನ ಡಿಎನ್‌ಎ ತುಂಡನ್ನು ನಮ್ಮ ಕ್ರೋಮೋಸೋಮಿಗೇ ಹೊಲಿದುಬಿಡುವುದುಂಟು. ಹಾಗಾಗಿ ಕಲೆ ಕಟ್ಟದ ಲಿವರ್‌ನಲ್ಲೂ ಕೆಲವೊಮ್ಮೆ ಕ್ಯಾನ್ಸರ್ ಬರುತ್ತದೆ.

## ಕಾವಲು ತಪ್ಪಿದಾಗ

ಕ್ಯಾನ್ಸರ್ ಮಾಡೋದರಿಂದ ವೈರಸ್‌ಗೆ ಏನು ಲಾಭ?

ಏನೂ ಇಲ್ಲ. ಎಚ್‌ಪಿವಿ ಬೆಳೆಯಲು ಕೋಶದ ನಕಲು ಮಾಡುವ ಯಂತ್ರ ಬೇಕು. ಅದು ಇರುವ ಮೇಲಿನ ಸಾಲಿನ ಕೋಶಗಳಲ್ಲಿ ಆ ಯಂತ್ರ ನಿಂತಿರುತ್ತದೆ. ಅದನ್ನು ಮತ್ತೆ ಶುರು ಮಾಡಲು ವೈರಸ್ಸಿನ ಇ7 ಪ್ರೋಟೀನ್ ಆರ್‌ಬಿ ಅನ್ನುವ ಬ್ರೇಕನ್ನು ತೆಗೆಯುತ್ತದೆ. ಹೀಗೆ ಎಡವಟ್ಟಾದ ಕೋಶ ತಾನೇ ಸಾಯಬೇಕು ಅಂತ ಹೇಳುವುದು ಪಿ53 ಅನ್ನುವ ಇನ್ನೊಂದು ಬ್ರೇಕು. ವೈರಸ್ಸಿನ ಇ6 ಪ್ರೋಟೀನ್ ಅದನ್ನು ನಾಶ ಮಾಡುತ್ತದೆ. ಎರಡು ಬ್ರೇಕೂ ಹೋದ ಕೋಶ ವರ್ಷಗಟ್ಟಲೆ ಹಾಗೇ ಉಳಿದರೆ ಒಂದು ದಿನ ಅಂಕೆ ತಪ್ಪುತ್ತದೆ. ಕ್ಯಾನ್ಸರ್ ಕೋಶದಲ್ಲಿ ಎಚ್‌ಪಿವಿ ಹೊಸ ವೈರಸ್ ಕಣಗಳನ್ನು ಮಾಡಲಾರದು, ಅಲ್ಲಿಗೆ ಅದರ ವಂಶವೂ ಮುಗಿಯಿತು.

ಕಿಡ್ನಿ ಕಸಿ ಆದವರಿಗೆ, ಎಚ್‌ಐವಿ ಇರೋರಿಗೆ ಈ ಕ್ಯಾನ್ಸರ್‌ಗಳು ಜಾಸ್ತಿ ಅಂತ ಹೇಳ್ತಾರಲ್ಲ?

ಹೌದು. ಟಿ ಕೋಶಗಳ ಕಾವಲು ಎಷ್ಟು ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಔಷಧಿ ಟಿ ಕೋಶಗಳನ್ನು ಕುಗ್ಗಿಸುತ್ತದೆ. ಆಗ ಮಲಗಿದ್ದ ಇಬಿವಿ ಎದ್ದು ಕೆಲವರಲ್ಲಿ ಲಿಂಫೋಮಾ ತರುತ್ತದೆ. ಎಷ್ಟೋ ಸಲ ಆ ಔಷಧಿಯ ಪ್ರಮಾಣ ಇಳಿಸಿದರೆ ಸಾಕು, ಗಡ್ಡೆ ಕರಗುತ್ತದೆ. ಎಚ್‌ಐವಿ ಇರುವ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಂಭವ ಸುಮಾರು ಆರು ಪಟ್ಟು. ಕಪೋಸಿ ಸಾರ್ಕೋಮಾ ಇದ್ದವರಿಗೆ ಎಚ್‌ಐವಿ ಮಾತ್ರೆ ಶುರು ಮಾಡಿ ಟಿ ಕೋಶಗಳು ಚೇತರಿಸಿಕೊಂಡ ಮೇಲೆ ಚರ್ಮದ ನೇರಳೆ ಮಚ್ಚೆಗಳು ಕುಗ್ಗುವುದುಂಟು.

ಇನ್ನೊಂದು ಮಾತು, ಮರೆಯಬೇಡಿ. ಕೀಮೋಥೆರಪಿ ಅಥವಾ ಬಿ ಕೋಶಗಳನ್ನು ನಾಶ ಮಾಡುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಹಿಂದೆಂದೋ ಬಂದು ವಾಸಿಯಾಯಿತು ಅಂದುಕೊಂಡ ಸೋಂಕು ಕೂಡ ಲಿವರ್ ಕೋಶದ ಮೂಲೆಯಲ್ಲಿ ಉಳಿದಿರುತ್ತದೆ. ಕಾವಲು ಕುಗ್ಗಿದ ಕೂಡಲೇ ಜೋರಾಗಿ ಎದ್ದು ಪ್ರಾಣಕ್ಕೇ ಬರಬಹುದು. ಮೊದಲೇ ಗೊತ್ತಿದ್ದರೆ ಮಾತ್ರೆಯಿಂದ ತಡೆಯಬಹುದು.

ಇಮ್ಯೂನಿಟಿ ಹೆಚ್ಚಿಸೋ ಪುಡಿ, ಮಾತ್ರೆ ತಗೊಂಡ್ರೆ ವೈರಸ್ ಹೋಗುತ್ತಾ?

ಹೋಗುತ್ತದೆ ಅಂತ ತೋರಿಸಿದ ಪುರಾವೆ ಇಲ್ಲ. ಸಿಗರೇಟು ಬಿಟ್ಟರೆ ಗರ್ಭಕಂಠದ ಕ್ಯಾನ್ಸರ್ ಸಂಭವ ಇಳಿಯುತ್ತದೆ, ಹೆಪಟೈಟಿಸ್ ಇರುವವರು ಮದ್ಯ ಬಿಟ್ಟರೆ ಲಿವರ್ ಉಳಿಯುತ್ತದೆ. ಪುಡಿಗೆ ಕೊಡುವ ದುಡ್ಡನ್ನು ಪರೀಕ್ಷೆಗೆ ಇಟ್ಟುಕೊಳ್ಳಿ.

## ಲಸಿಕೆ ಮತ್ತು ಚಿಕಿತ್ಸೆ

ಸೋಂಕು ತಾನಾಗೇ ಹೋಗುತ್ತೆ ಅಂದ್ರಿ. ಮತ್ತೆ ಎಚ್‌ಪಿವಿ ಲಸಿಕೆ ಯಾಕೆ ಬೇಕು?

ತಾನಾಗಿ ಹೋದ ಸೋಂಕು ಒಳ್ಳೆಯ ನೆನಪು ಬಿಟ್ಟು ಹೋಗುವುದಿಲ್ಲ. ವೈರಸ್ ರಕ್ತಕ್ಕೆ ಇಳಿಯದ ಕಾರಣ ಎಷ್ಟೋ ಜನರಲ್ಲಿ ಪ್ರತಿಕಾಯವೇ ಹುಟ್ಟುವುದಿಲ್ಲ, ಹುಟ್ಟಿದರೂ ತೆಳು. ಲಸಿಕೆಯ ದಾರಿ ಬೇರೆ. ವೈರಸ್ಸಿನ ಹೊರಚಿಪ್ಪಿನ ಎಲ್1 ಪ್ರೋಟೀನನ್ನು ಮಾತ್ರ ತಯಾರಿಸಿದರೆ ಅದರ 360 ಪ್ರತಿಗಳು ತಾವೇ ಜೋಡಿಕೊಂಡು ಪೊಳ್ಳು ಚೆಂಡಾಗುತ್ತವೆ. ಹೊರಗಿನಿಂದ ನೋಡಿದರೆ ಥೇಟ್ ವೈರಸ್. ಒಳಗೆ ಡಿಎನ್‌ಎ ಇಲ್ಲ. ಹಾಗಾಗಿ ಸೋಂಕೂ ತರದು, ಕ್ಯಾನ್ಸರನ್ನೂ ತರದು. ಇದನ್ನು ತೋಳಿನ ಸ್ನಾಯುವಿಗೆ ಕೊಟ್ಟಾಗ ರೋಗನಿರೋಧಕ ಪಡೆ ಚೆನ್ನಾಗಿ ನೋಡಿ ಕಲಿಯುತ್ತದೆ. ಹುಟ್ಟುವ ಪ್ರತಿಕಾಯದ ಮಟ್ಟ ಸಹಜ ಸೋಂಕಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅವು ಗರ್ಭಕಂಠದ ಮೇಲ್ಮೈಗೂ ಜಿನುಗುತ್ತವೆ. ತರಚಿನಿಂದ ವೈರಸ್ ಇಳಿಯಲು ಬಂದಾಗ ಅಲ್ಲೇ ಹಿಡಿಯುತ್ತವೆ.

ನನಗೆ ಈಗಾಗಲೇ ಸೋಂಕಿದೆ. ಈಗ ಲಸಿಕೆ ಹಾಕಿಸಿದ್ರೆ ವಾಸಿಯಾಗುತ್ತಾ?

ಇರುವ ಸೋಂಕು ಹೋಗುವುದಿಲ್ಲ. ಪ್ರತಿಕಾಯ ತಡೆಯುವುದು ಒಳಗೆ ನುಗ್ಗುವುದನ್ನು. ಒಳಗೆ ಸೇರಿದ ವೈರಸ್ ಕೆಳಗಿನ ಸಾಲಿನ ಕೋಶದಲ್ಲಿ ಎಲ್1 ಚಿಪ್ಪನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಎಲ್1 ಕಲಿತ ಪಡೆಗೆ ಅಲ್ಲಿ ಗುರುತು ಸಿಗುವುದಿಲ್ಲ. ನಿಮಗೆ ಇನ್ನೂ ತಗಲದ ಬೇರೆ ಬಗೆಗಳಿಂದ ಮಾತ್ರ ರಕ್ಷಣೆ ಸಿಗಬಹುದು. 9ರಿಂದ 14 ವಯಸ್ಸಿನಲ್ಲೇ ಹಾಕಿಸಿ ಅನ್ನುವುದಕ್ಕೆ ಕಾರಣ ಇದು: ವೈರಸ್ ಎದುರಾಗುವ ಮೊದಲು.

ಇ6, ಇ7 ಪ್ರೋಟೀನ್‌ಗಳನ್ನು ಟಿ ಕೋಶಗಳಿಗೆ ಕಲಿಸಿ ಇರುವ ಸೋಂಕನ್ನೇ ವಾಸಿ ಮಾಡುವ ಲಸಿಕೆಗಳ ಪ್ರಯೋಗ ಬಹಳ ವರ್ಷಗಳಿಂದ ನಡೆದಿದೆ. ನಾನು ಕಾಯುತ್ತಿರುವ ಸುದ್ದಿ ಅದು.

ಲಸಿಕೆಯಿಂದ ನಿಜವಾಗ್ಲೂ ಕ್ಯಾನ್ಸರ್ ಕಡಿಮೆಯಾಗಿದೆಯಾ, ಬರೀ ಸೋಂಕು ಕಡಿಮೆಯಾಗಿದೆಯಾ?

ಕ್ಯಾನ್ಸರೇ ಕಡಿಮೆಯಾಗಿದೆ. ತೈವಾನ್ 1984ರಲ್ಲಿ ಕೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿತು. ಹತ್ತು ವರ್ಷದಲ್ಲಿ ಅಲ್ಲಿನ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎಚ್‌ಪಿವಿ ಲಸಿಕೆ ಬಂದದ್ದು 2006ರಲ್ಲಿ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ 88% ಕಡಿಮೆ ಕಂಡಿತು.

ಹೆಪಟೈಟಿಸ್ ಸಿಗೆ ಮಾತ್ರ ಲಸಿಕೆ ಯಾಕಿಲ್ಲ?

ಅದು ವೇಷ ಬದಲಿಸುವ ವೇಗ ಹಾಗಿದೆ. ಆರ್‌ಎನ್‌ಎ ವೈರಸ್ ಆದ್ದರಿಂದ ನಕಲು ಮಾಡುವಾಗ ತಪ್ಪುಗಳು ಧಾರಾಳ. ಒಬ್ಬರ ದೇಹದಲ್ಲೇ ಸ್ವಲ್ಪ ಸ್ವಲ್ಪ ಬೇರೆಯಾದ ವೈರಸ್‌ಗಳ ಗುಂಪೇ ಇರುತ್ತದೆ. ಒಂದಕ್ಕೆ ಪ್ರತಿಕಾಯ ತಯಾರಾಗುವಷ್ಟರಲ್ಲಿ ಇನ್ನೊಂದು ಮೇಲೆದ್ದಿರುತ್ತದೆ. ಒಮ್ಮೆ ವಾಸಿಯಾದವರಿಗೂ ಮತ್ತೆ ತಗಲಬಹುದು. ಆದರೆ ಒಳ್ಳೆಯ ಸುದ್ದಿಯೂ ಇದೆ. ಸಾಮಾನ್ಯವಾಗಿ 8ರಿಂದ 12 ವಾರದ ಮಾತ್ರೆಯಲ್ಲಿ 95%ಕ್ಕೂ ಹೆಚ್ಚು ಜನರಲ್ಲಿ ಈ ವೈರಸ್ ಪೂರ್ತಿ ಹೋಗುತ್ತದೆ. ಲಿವರ್ ಆಗಲೇ ಗಾಯದ ಕಲೆ ಕಟ್ಟಿ ಗಟ್ಟಿಯಾಗಿದ್ದರೆ ಮಾತ್ರ ವೈರಸ್ ಹೋದ ಮೇಲೂ ಸ್ಕ್ಯಾನ್ ಮಾಡಿಸುತ್ತಿರಬೇಕು.

ಕ್ಯಾನ್ಸರ್ ಕೋಶದಲ್ಲಿ ವೈರಸ್ಸಿನ ಪ್ರೋಟೀನ್ ಇದ್ರೆ ಟಿ ಕೋಶಕ್ಕೆ ಗುರುತು ಹಿಡಿಯೋದು ಸುಲಭ ಅಲ್ವಾ?

ಬಹಳ ಒಳ್ಳೆಯ ಪ್ರಶ್ನೆ. ಹೌದು, ಬೇರೆ ಕ್ಯಾನ್ಸರ್‌ಗಳಿಗಿಲ್ಲದ ಗುರುತು ಇವಕ್ಕಿದೆ. ಎಚ್‌ಪಿವಿ ಕ್ಯಾನ್ಸರ್ ಇ6, ಇ7 ಬಿಟ್ಟು ಬದುಕಲಾರದು. ಗುರುತನ್ನು ಅಳಿಸಿಕೊಳ್ಳಲು ಹೊರಟರೆ ತಾನೇ ಸಾಯುತ್ತದೆ. ಆದರೆ ಎಷ್ಟೋ ವರ್ಷ ಅದನ್ನೇ ನೋಡಿ ನೋಡಿ ಟಿ ಕೋಶಗಳು ದಣಿದಿರುತ್ತವೆ. ಅವುಗಳ ಮೈಮೇಲೆ ಪಿಡಿ-1 ಅನ್ನುವ ತಡೆಗುಂಡಿ ಇದೆ. ಗಡ್ಡೆ ಅದನ್ನು ಒತ್ತಿ ಹಿಡಿದಿರುತ್ತದೆ.

ಆ ಗುಂಡಿಯ ಮೇಲಿಂದ ಗಡ್ಡೆಯ ಕೈ ತೆಗೆಸುವ ಔಷಧಿಗಳು ಈಗ ಇವೆ. ಅಪರೂಪದ, ಬಲು ಬೇಗ ಹರಡುವ ಮರ್ಕೆಲ್ ಕ್ಯಾನ್ಸರ್‌ಗೆ ಮೊದಲು ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ. 2017ರಲ್ಲಿ ಇಂಥ ಔಷಧಿ ಅವೆಲುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಇಂಥ ಔಷಧಿಗಳಿಂದ ಕೆಲವರಲ್ಲಿ ಗಡ್ಡೆ ವರ್ಷಗಟ್ಟಲೆ ಅಡಗಿ ಕೂತಿದೆ. ಇಬಿವಿ ಲಿಂಫೋಮಾದಲ್ಲಿ ಇನ್ನೂ ನೇರವಾದ ದಾರಿ ಹಿಡಿದಿದ್ದಾರೆ. ಆರೋಗ್ಯವಂತ ದಾನಿಯ ಟಿ ಕೋಶಗಳಿಗೆ ಲ್ಯಾಬಿನಲ್ಲಿ ಇಬಿವಿ ತೋರಿಸಿ, ಬೆಳೆಸಿ, ರೋಗಿಗೆ ಹನಿಹನಿಯಾಗಿ ಕೊಡುತ್ತಾರೆ. ಯುರೋಪಿನಲ್ಲಿ 2022ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಲಸಿಕೆ ಹಾಕಿಸ್ಕೊಂಡಿದ್ದೀನಿ. ಇನ್ನು ಗರ್ಭಕಂಠದ ಪರೀಕ್ಷೆ ಬೇಡ ತಾನೇ?

ಬೇಕು. 16 ಮತ್ತು 18ನೇ ಬಗೆಯ ಎಚ್‌ಪಿವಿಗಳೇ ಸುಮಾರು 70% ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ, ಅವು ಎಲ್ಲ ಲಸಿಕೆಗಳಲ್ಲೂ ಇವೆ. ಉಳಿದ ಬಗೆಗಳೆಲ್ಲವೂ ಸೇರಿರುವ ಲಸಿಕೆ ಮಾತ್ರ ಯಾವುದೂ ಇಲ್ಲ. ಲಸಿಕೆಗೆ ಮೊದಲೇ ಸೋಂಕು ಬಂದಿರಲೂಬಹುದು. ಕ್ಯಾನ್ಸರ್ ಆಗುವ ಮೊದಲಿನ ಹಂತದಲ್ಲಿ ಸಿಕ್ಕರೆ ಆ ಸಣ್ಣ ಜಾಗವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.